ಸಭಿಕರು ಸಾಕು, ಶಿಷ್ಯರೆಲ್ಲಿ?

ಬೆಂಗಳೂರಿನ ಚರ್ಚುಗಳ ವಾರ್ಷಿಕ ವರದಿ ಓದೋದು ನನಗೊಂದು ಚಟ. ಭಾನುವಾರದ ಸರಾಸರಿ ಹಾಜರಿ, ಯೂಟ್ಯೂಬ್ ಸಬ್‌ಸ್ಕ್ರೈಬರ್‌ಗಳು, ಹೊಸ ಎಲ್‌ಇಡಿ ಪರದೆ, ಪಾರ್ಕಿಂಗಿಗೆ ತಗೊಂಡ ಜಾಗ, ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಸೇರಿದ ಜನ. ಆಫೀಸಿನ ಕ್ವಾರ್ಟರ್ ರಿವ್ಯೂ ಥೇಟ್ ಹೀಗೇ ಇರುತ್ತೆ. ಒಂದು ಸಂಖ್ಯೆ ಮಾತ್ರ ಎಲ್ಲೂ ಕಾಣಲ್ಲ: ಈ ವರ್ಷ ಎಷ್ಟು ಜನ ಶಿಷ್ಯರಾದರು?

ಶಿಷ್ಯರು ಅಂದ ಕೂಡಲೇ ಕೆಲವರ ಕಿವಿ ನೆಟ್ಟಗಾಗುತ್ತೆ. ಓ, ಮತಾಂತರದ ಮಾತು! ಅಲ್ಲ ಸ್ವಾಮಿ. ನಾನು ಕೇಳ್ತಿರೋದು ಆಗಲೇ ಒಳಗೆ ಕೂತಿರೋರ ಬಗ್ಗೆ. ಮತಾಂತರಕ್ಕೆ ಮೂಗುದಾರ ಹಾಕ್ತೀವಿ ಅಂತ 2022ರಲ್ಲಿ ಸರ್ಕಾರ ಕಾಯ್ದೆಯನ್ನೇ ತಂತು. ತಲೆ ಎಣಿಕೆ ನೋಡಿ ಹೊರಗಿನವರು ಹೆದರ್ತಾರೆ, ಒಳಗಿನವರು ಹಿಗ್ಗುತ್ತಾರೆ. ಇಬ್ಬರೂ ಎಣಿಸ್ತಿರೋದು ಒಂದನ್ನೇ.

ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಯೇಸುಸ್ವಾಮಿ ಕೊಟ್ಟ ಅಪ್ಪಣೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಭಾಷಣ ಮಾಡೋರು ಅದರಲ್ಲಿನ 'ಹೋಗಿ' ಅನ್ನೋ ಪದವನ್ನೇ ಗಂಟಲು ಹರಿಯುವಂತೆ ಒತ್ತಿ ಹೇಳ್ತಾರೆ. ಆದರೆ ಮೂಲ ಗ್ರೀಕಿನಲ್ಲಿ ಆ ಅಪ್ಪಣೆಯ ಮುಖ್ಯ ಕ್ರಿಯಾಪದ ಒಂದೇ: ಶಿಷ್ಯರನ್ನಾಗಿ ಮಾಡುವುದು. ಹೋಗುವುದು, ದೀಕ್ಷಾಸ್ನಾನ ಕೊಡುವುದು, ಕಲಿಸುವುದು ಮೂರೂ ಅದಕ್ಕೆ ಆತುಕೊಂಡ ಕೃದಂತಗಳು. ಕನ್ನಡದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 'ಅಂಗಡಿಗೆ ಹೋಗಿ ಹಾಲು ತಾ' ಅಂತ ಅವ್ವ ಕಳಿಸಿದರೆ, ಹೋಗಿ ಬಂದೆ ನೋಡವ್ವ ಅಂತ ಬರಿಗೈಯಲ್ಲಿ ನಿಲ್ಲೋಕಾಗುತ್ತಾ? ಕಲಿಸಿ ಅಂದಿದ್ದೂ ವಿಷಯವನ್ನಲ್ಲ, ಹೇಳಿದ್ದನ್ನು ಪಾಲಿಸೋದನ್ನ.

ಪಾಲಿಸೋದು ಅಂದ್ರೇನು ಅಂತ ನಾನು ನೋಡಿದ್ದು ಗದಗ ಸೀಮೆಯ ನಮ್ಮೂರಲ್ಲಿ. ಹಂಚಿನ ಮಾಡಿನ ಗುಡಿ, ಮೂವತ್ತು ಮನೆ, ಸೈಕಲ್ ಮೇಲೆ ಬರುತ್ತಿದ್ದ ಒಬ್ಬ ಉಪದೇಶಿ. ಅವರ ಪ್ರಸಂಗ ಚೆನ್ನಾಗಿರುತ್ತಿತ್ತು ಅಂತ ಯಾರೂ ಹೇಳಲ್ಲ. ಮನೆಗೆ ಬಂದು ಚಹಾ ಕುಡಿದು, 'ಹ್ವಾದ ವಾರ ಓದಿದ್ದನ್ನ ಈ ವಾರ ಏನ್ ಮಾಡಿದ್ಯೋ ತಮ್ಮಾ?' ಅಂತ ಕೇಳ್ತಿದ್ರು. ಒಮ್ಮೆ ನಮ್ಮಪ್ಪ ಬದು ಒತ್ತಿ ಕಾಕಾನ ಹೊಲದಲ್ಲಿ ಎರಡು ಸಾಲು ಹೆಚ್ಚಿಗೆ ಉತ್ತಿದ್ದ. ಮುಂದಿನ ವಾರ ಕರ್ತನ ಭೋಜನ ಇತ್ತು. ಉಪದೇಶಿ ಸಂಜೆಯಿಡೀ ನಮ್ಮ ಕಟ್ಟೆ ಬಿಟ್ಟು ಏಳಲಿಲ್ಲ. 'ಮೊದಲ ಬದು ಸರಿ ಮಾಡ್ರಿ, ಆಮ್ಯಾಲೆ ಭೋಜನಕ್ಕ ಬರ್ರಿ' ಅಂದ್ರು. ಅಪ್ಪ ಬೈದ, ಊಟ ಬಿಟ್ಟ. ಶನಿವಾರ ಬದು ಹಿಂದಕ್ಕೆ ಹೋಯ್ತು. ಅಂಥದ್ದಕ್ಕೆ ಯಾವ ಚರ್ಚ್ ಆ್ಯಪ್‌ನಲ್ಲೂ ಬಟನ್ ಇಲ್ಲ.

ಹಳ್ಳಿಯದೆಲ್ಲ ಚೆಂದ ಅಂತಲ್ಲ. ಅದೇ ಗುಡಿಯಲ್ಲಿ ಜಾತಿ ನೋಡಿ ಬೆಂಚು ಆರಿಸಿಕೊಳ್ಳೋರೂ ಇದ್ರು. ಆದರೆ ಅದನ್ನ ಎತ್ತಿ ಆಡೋಕೆ ಒಬ್ಬರಾದರೂ ಮನೆಗೆ ಬರ್ತಿದ್ರು.

ಈ ರೀತಿ ನಮ್ಮ ನಾಡಿಗೆ ಹೊಸದೇನಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅದರ ಹರ್ಮನ್ ಮೊಗ್ಲಿಂಗ್ ಅಂದ್ರೆ ಕನ್ನಡಿಗರಿಗೆ 1843ರ 'ಮಂಗಳೂರ ಸಮಾಚಾರ' ನೆನಪಾಗುತ್ತೆ. ಪತ್ರಿಕೆಗೂ ಮೊದಲೇ ಆತ ತನ್ನ ಶಾಲೆಯ ಹುಡುಗರ ಜೊತೆಗೇ ಬದುಕೋಕೆ ಶುರುಮಾಡಿದ್ದ. 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯ ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿ ಬಂದ. ಮಿಷನ್‌ನವರ ತಪ್ಪುಗಳ ಪಟ್ಟಿಯೂ ಉದ್ದವಿದೆ, ಅದು ಬೇರೆ ಲೇಖನ. ನನಗೆ ಬೇಕಿರೋದು ಇಷ್ಟೇ: ಕಲಿತವನು ಕಲಿಸುವವನಾದ.

ಈಗಿನ ಕತೆ ಕೇಳಿ. ನಾನು ಮೊದಲು ಹೋಗುತ್ತಿದ್ದ ನಗರದ ಸಭೆಯಲ್ಲಿ ನನ್ನ ಪಿಜಿ ಗೆಳೆಯ ಗಿಟಾರ್ ನುಡಿಸ್ತಿದ್ದ. ಕೆಲಸ ಹೋಯ್ತು, ಆನ್‌ಲೈನ್ ರಮ್ಮಿಗೆ ಬಿದ್ದ, ಆ್ಯಪ್‌ಗಳಲ್ಲಿ ಸಾಲ ಮಾಡಿದ. ಪ್ರತಿ ಭಾನುವಾರ ವೇದಿಕೆ ಮೇಲೆ ಕಣ್ಣುಮುಚ್ಚಿ ನುಡಿಸ್ತಾನೇ ಇದ್ದ. ಎಂಟು ತಿಂಗಳು 'ಹೇಗಿದ್ದೀಯಪ್ಪಾ' ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಅವನು ಹೋಗೋದು ನಿಲ್ಲಿಸಿದ ಮೇಲೆ ಮೊಬೈಲಿಗೊಂದು ಮೆಸೇಜ್ ಬಂತು, ನಿಮ್ಮನ್ನು ಮಿಸ್ ಮಾಡಿಕೊಳ್ಳುತ್ತಿದ್ದೇವೆ ಅಂತ. ಹೆಸರೂ ಇರಲಿಲ್ಲ ಅದರಲ್ಲಿ. ಸಾಲ ತೀರಿಸೋಕೆ ಕೈಹಾಕಿದ್ದು ಪಿಜಿಯ ನಾವು ನಾಲ್ಕು ಜನ. ಅವರಲ್ಲೊಬ್ಬ ದೇವರನ್ನೇ ನಂಬಲ್ಲ.

'ಎರಡು ಸಾವಿರ ಜನ ಬರೋ ಕಡೆ ಒಬ್ಬೊಬ್ಬರನ್ನ ಹೇಗ್ರೀ ನೋಡೋದು?' ಅಂತಾರೆ. ಹಾಗಾದ್ರೆ ಎರಡು ಸಾವಿರ ಯಾಕೆ ಬೇಕಿತ್ತು? ಯೇಸುಸ್ವಾಮಿ ಸಾವಿರಾರು ಜನಕ್ಕೆ ಊಟ ಹಾಕಿದ. ಕೂಡಿಸಿಕೊಂಡು ತಿದ್ದಿದ್ದು ಹನ್ನೆರಡು ಜನರನ್ನ. ಅಮೆರಿಕದ ಶಿಕಾಗೋ ಹತ್ತಿರದ ವಿಲೋ ಕ್ರೀಕ್ ಚರ್ಚನ್ನ ನಮ್ಮ ಅನೇಕ ಪಾಸ್ಟರುಗಳು ಮಾದರಿ ಅಂತಿದ್ರು. ಅದೇ ಚರ್ಚ್ ತನ್ನ ಜನರ ಸರ್ವೆ ಮಾಡಿಸಿ, ಕಾರ್ಯಕ್ರಮಗಳಲ್ಲಿ ಹೆಚ್ಚು ಭಾಗವಹಿಸಿದರೆ ಆತ್ಮಿಕವಾಗಿ ಬೆಳೀತಾರೆ ಅನ್ನೋದು ನಿಜವಲ್ಲ ಅಂತ 2007ರಲ್ಲಿ ತಾನೇ ಪ್ರಕಟಿಸಿತು. ಅವರೇ ಪ್ರಶ್ನಿಸಿದ ಮಾದರಿಯನ್ನ ನಾವಿಲ್ಲಿ ಇಎಂಐ ಮೇಲೆ ಕಟ್ಟುತ್ತಿದ್ದೇವೆ!

ಫ್ರೆಶರ್ ಒಬ್ಬ ಟೌನ್‌ಹಾಲ್ ಭಾಷಣ ಕೇಳಿ ಕೋಡ್ ಬರೆಯೋದು ಕಲಿಯಲ್ಲ. ಪಕ್ಕದಲ್ಲಿ ಕೂತ ಸೀನಿಯರ್ ಅವನ ಕೋಡ್ ಓದಿ 'ಇದು ಯಾಕಪ್ಪಾ ಹಿಂಗೆ?' ಅಂದಾಗ ಕಲೀತಾನೆ. ವಾರಕ್ಕೈದು ದಿನ ಇದನ್ನ ಮಾಡೋ ನಾವೇ ಭಾನುವಾರ ಭಾಷಣ ಕೇಳಿ ಬೆಳೀತೀವಿ ಅಂದುಕೊಂಡಿದ್ದೀವಲ್ಲ! ಇನ್ನು ಕೆಲವು ಕಡೆ ಶಿಷ್ಯರಿದ್ದಾರೆ, ಆದರೆ ಫ್ಲೆಕ್ಸ್‌ನಲ್ಲಿ ಕೋಟು ಹಾಕಿಕೊಂಡು ನಗುತ್ತಿರೋ ಪಾಸ್ಟರಿನ ಶಿಷ್ಯರು. ಅವರ ವಿಷಯ ಬಿಡಿ, ಅಭಿಮಾನಿ ಸಂಘ ಅಂತ ರಿಜಿಸ್ಟರ್ ಮಾಡಿಸಲಿ.

ನಿಮ್ಮ ಸಭೆಯ ವಾರ್ಷಿಕ ಮೀಟಿಂಗಿನಲ್ಲಿ ಬಜೆಟ್ ಪಾಸಾಗೋ ಮುಂಚೆ ಎದ್ದು ನಿಂತು ಕೇಳಿ: ಹಿರಿಯರೇ, ನೀವೊಬ್ಬೊಬ್ಬರೂ ಈ ವರ್ಷ ಯಾವ ಮೂರು ಜನರ ಮನೆಗೆ ತಿಂಗಳು ತಿಂಗಳು ಹೋಗಿದ್ದೀರಿ? ಆ ಮೂವರಲ್ಲಿ ಈಗ ಇನ್ನೊಬ್ಬರ ಮನೆಗೆ ಹೋಗ್ತಿರೋರು ಯಾರು? ಎಲ್‌ಇಡಿ ಪರದೆಯ ಸಾಲು ಅದಾದ ಮೇಲೆ ಓದಲಿ.