ಬಾಗುವ ಬೆನ್ನು, ಬರಿದಾಗುವ ಮೂಳೆ

ಕೋಳಿಯ ಕಾಲಿನ ಮೂಳೆಯೊಂದನ್ನು ಚೆನ್ನಾಗಿ ತೊಳೆದು, ಶೀಸೆಯಲ್ಲಿಟ್ಟು, ಮುಳುಗುವಷ್ಟು ವಿನಿಗರ್ ಸುರಿದು ನಾಲ್ಕೈದು ದಿನ ಬಿಡಿ. ಹೊರತೆಗೆದಾಗ ಅದು ರಬ್ಬರಿನಂತೆ ಬಾಗುತ್ತದೆ. ಗಡಸುತನ ಕೊಟ್ಟಿದ್ದ ಸುಣ್ಣದ ಲವಣಗಳು ಆಮ್ಲದಲ್ಲಿ ಕರಗಿ, ಕೊಲಾಜನ್ ಎಂಬ ಪ್ರೋಟೀನಿನ ಹಂದರ ಮಾತ್ರ ಉಳಿದಿರುತ್ತದೆ. ಪ್ರೌಢಶಾಲೆಯ ಮಕ್ಕಳಿಗೆ ಇದು ಪರಿಚಿತ ಪ್ರಯೋಗ. ಆದರೆ ಬಚ್ಚಲಿನಲ್ಲಿ ಜಾರಿ ಕೈಯೂರಿದ ಅಜ್ಜಿಯ ಮಣಿಕಟ್ಟು ಮುರಿಯುವುದು ಇನ್ನೊಂದು ಬಗೆಯ ನಷ್ಟದಿಂದ. ಅಲ್ಲಿ ಸುಣ್ಣವೂ ಹೋಗಿರುತ್ತದೆ, ಹಂದರವೂ ಹೋಗಿರುತ್ತದೆ. ಹೊರಗೆ ನೆಟ್ಟಗೆ ಕಂಡರೂ ಒಳಗೆ ಗೆದ್ದಲು ತಿಂದ ತೊಲೆ. ಇದೇ ಆಸ್ಟಿಯೊಪೊರೋಸಿಸ್.

ಮಣಿಕಟ್ಟಿನ ಈ ಮುರಿತವನ್ನು ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕೋಲಿಸ್ 1814ರಲ್ಲೇ ವಿವರಿಸಿದ್ದ. ಆಗಿನ್ನೂ ಎಕ್ಸ್-ರೇ ಇರಲಿಲ್ಲ! ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯುವುದಕ್ಕೂ ಈಸ್ಟ್ರೋಜನ್ ಹಾರ್ಮೋನಿನ ಕೊರತೆಗೂ ಇರುವ ನಂಟನ್ನು ಬಾಸ್ಟನ್ನಿನ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಗುರುತಿಸಿದ್ದು 1940ರ ಸುಮಾರಿಗೆ.

ಮೂಳೆ ಜಡವಸ್ತುವಲ್ಲ. ಅದರಲ್ಲಿ ಹಳೆಯದನ್ನು ಕೆಡವುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಸದಾ ದುಡಿಯುತ್ತಿರುತ್ತವೆ. ವಯಸ್ಕರ ಅಸ್ಥಿಪಂಜರದ ಸುಮಾರು ಶೇ. 10ರಷ್ಟು ಭಾಗ ಪ್ರತಿವರ್ಷ ಹೊಸದಾಗುತ್ತದೆ. ಕೆಡವುವ ಕೋಶಗಳಿಗೆ ಕಡಿವಾಣ ಹಾಕುವುದು ಈಸ್ಟ್ರೋಜನ್. ನಮ್ಮ ದೇಶದಲ್ಲಿ ಸರಾಸರಿ 46-47ನೇ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ, ಕಡಿವಾಣ ಸಡಿಲುತ್ತದೆ. ಮುಂದಿನ ಐದಾರು ವರ್ಷಗಳಲ್ಲಿ ಕೆಲವರು ಮೂಳೆಯ ಶೇ. 20ರವರೆಗೂ ಕಳೆದುಕೊಳ್ಳುವುದುಂಟು. ಮುರಿಯುವವರೆಗೆ ನೋವಿಲ್ಲ, ಸೂಚನೆಯಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ಅಕ್ಕಿಯಲ್ಲಿರುವುದು ಹತ್ತು ಮಿಲಿಗ್ರಾಂ ಆಸುಪಾಸು. ಅಷ್ಟೇ ರಾಗಿಯಲ್ಲಿ ಸುಮಾರು 350! ಮುದ್ದೆ ಬಿಟ್ಟು ಮೂರು ಹೊತ್ತೂ ಅನ್ನ ಉಣ್ಣುವುದನ್ನೇ ಏಳಿಗೆ ಎಂದುಕೊಂಡ ಮನೆಗಳು ಈ ಲೆಕ್ಕವನ್ನೊಮ್ಮೆ ನೋಡಬೇಕು. ರಾಗಿಯಲ್ಲಿರುವ ಫೈಟೇಟ್ ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಿಯಾಗುವುದು ನಿಜ. ಮೊಳಕೆ ಕಟ್ಟಿದರೆ ಆ ಅಡ್ಡಿ ಕಡಿಮೆಯಾಗುತ್ತದೆ. ನೂರು ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ, ನುಗ್ಗೆಸೊಪ್ಪಿನಲ್ಲಿ 300ಕ್ಕೂ ಹೆಚ್ಚು. ಸಿಪ್ಪೆ ತೆಗೆಯದ ಎಳ್ಳಿನಲ್ಲಿ ಸಾವಿರ ದಾಟುತ್ತದೆ, ಆದರೆ ಎಳ್ಳನ್ನು ತಿನ್ನುವುದು ಚಮಚದ ಲೆಕ್ಕದಲ್ಲಿ. ಪಾಲಕ್ ಸೊಪ್ಪನ್ನು ಮಾತ್ರ ಈ ವಿಷಯದಲ್ಲಿ ನಂಬುವಂತಿಲ್ಲ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಲೆಯಡಿಕೆಯ ಸುಣ್ಣವೇ ಸಾಕಲ್ಲ ಎಂಬ ಅಜ್ಜಿಯರೂ ಇದ್ದಾರೆ. ಸುಣ್ಣದ ಜೊತೆ ಹೋಗುವ ಅಡಿಕೆ ಕ್ಯಾನ್ಸರ್‌ಕಾರಕ ಎಂಬುದನ್ನು ಅವರಿಗೆ ಮೆಲ್ಲಗೆ ಹೇಳಬೇಕು.

ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ಡಿ ವಿಟಮಿನ್ ಬೇಕು. ಎಳೆಬಿಸಿಲಿನಿಂದ ಅದು ಧಾರಾಳವಾಗಿ ಸಿಗುತ್ತದೆಂಬ ನಂಬಿಕೆ ಅಷ್ಟು ಸರಿಯಲ್ಲ. ಚರ್ಮದಲ್ಲಿ ಡಿ ವಿಟಮಿನ್ ತಯಾರಿಸುವ ನೇರಳಾತೀತ ಕಿರಣ ನೆಲಕ್ಕೆ ಚೆನ್ನಾಗಿ ತಲುಪುವುದು ಹೊತ್ತೇರಿದ ಮೇಲೆ. ಹಂದರಕ್ಕೆ ಬೇಳೆ, ಕಾಳು, ಮೊಟ್ಟೆಗಳ ಪ್ರೋಟೀನೂ ಬೇಕು. ಜೊತೆಗೆ ಮೂಳೆಯ ಮೇಲೆ ಭಾರ ಬೀಳಬೇಕು: ನಡಿಗೆ, ಮೆಟ್ಟಿಲು ಹತ್ತುವುದು. ಭಾರವೇ ಇಲ್ಲದ ಅಂತರಿಕ್ಷದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಸುಮಾರು ಶೇ. 1ರಷ್ಟು ಸವೆಯುತ್ತದೆ.

ಹಾಗಾದರೆ ಮಾತ್ರೆ ನುಂಗಿದರೆ ಸಾಲದೇ? ಅಮೆರಿಕದಲ್ಲಿ 36 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಯಾಲ್ಸಿಯಂ ಮತ್ತು ಡಿ ವಿಟಮಿನ್ ಮಾತ್ರೆಗಳಿಂದ ಸೊಂಟದ ಮುರಿತ ಗಣನೀಯವಾಗಿ ಇಳಿಯಲಿಲ್ಲ. ಮೂತ್ರಪಿಂಡದ ಕಲ್ಲು ಮಾತ್ರ ಹೆಚ್ಚಿತು. ಮಾತ್ರೆ ಬೇಕೋ ಬೇಡವೋ ವೈದ್ಯರು ಹೇಳಲಿ.

ಮೂಳೆಯ ಗಂಟು ತುಂಬುವುದು ಮೂವತ್ತರ ಒಳಗೆ. ಹಾಲಿನ ಲೋಟ ದೂಡುವ ಒಂಬತ್ತನೇ ತರಗತಿಯ ಹುಡುಗಿಗೆ ಈಗಲೇ ಆ ಕಾಲ. ಅಮ್ಮನ ಕಾಲ ಆಗಿಹೋಗಿದೆ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ತಿಳಿಸಾರು ಅನ್ನ ಉಣ್ಣುವ ಆಕೆಯ ತಟ್ಟೆಗೆ ಮೊಸರು, ಸೊಪ್ಪು ಉಳಿದಿದೆಯೇ ಎಂದು ಮಿಕ್ಕವರು ನೋಡಬೇಕು. ಮಕ್ಕಳ ಎತ್ತರವನ್ನು ಗೋಡೆಗೆ ಗೀಟೆಳೆದು ಅಳೆಯುವ ಮನೆಗಳಲ್ಲಿ ವರ್ಷಕ್ಕೊಮ್ಮೆ ಅಮ್ಮನನ್ನೂ ಅಜ್ಜಿಯನ್ನೂ ನಿಲ್ಲಿಸಿ ಅಳೆಯಬಹುದು. ಯೌವನದ ಎತ್ತರಕ್ಕಿಂತ ಒಂದೂವರೆ ಇಂಚು ಕುಗ್ಗಿದ್ದರೆ ಬೆನ್ನುಮೂಳೆ ಸದ್ದಿಲ್ಲದೆ ಕುಸಿದಿರಬಹುದು. ಆಗ ವೈದ್ಯರಲ್ಲಿಗೆ ಕರೆದೊಯ್ದು ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸುವುದು ಒಳಿತು.