ಬೆಕ್ಕಿನ ಹೊಟ್ಟೆ ಕೆಟ್ಟರೆ ಮೊದಲು ಅದರ ಬಟ್ಟಲನ್ನು ನೋಡಿ

ಪ್ರೀತಿಯಿಂದ ಸಾಕಿದ ಬೆಕ್ಕು ನಾಲ್ಕು ಸಲ ಚಾಪೆಯ ಮೇಲೆ ವಾಂತಿ ಮಾಡಿದರೆ ಸಾಕು, ಮನೆ ಮಂದಿಯ ಪ್ರೀತಿ ಕರಗತೊಡಗುತ್ತದೆ. ಬೇಧಿಯೂ ಸೇರಿಕೊಂಡರಂತೂ ಕೇಳುವುದೇ ಬೇಡ. "ಇದನ್ನು ಎಲ್ಲಾದರೂ ಬಿಟ್ಟು ಬನ್ನಿ" ಎಂಬ ಮಾತು ಅಡುಗೆ ಕೋಣೆಯಿಂದಲೇ ಹೊರಡುತ್ತದೆ. ಮರುದಿನ ಗೋಣಿಚೀಲದೊಳಗೆ ಕೂತ ಬೆಕ್ಕು ಮೀನು ಮಾರುಕಟ್ಟೆಯ ಹಿಂಬದಿಯಲ್ಲಿ ಇಳಿಯುತ್ತದೆ. ಮಕ್ಕಳು ಎರಡು ದಿನ ಅಳುತ್ತಾರೆ, ಮತ್ತೆ ಮರೆಯುತ್ತಾರೆ. ಆದರೆ ಮನೆಯೊಳಗೇ ಬೆಳೆದ, ಬೇಟೆಯಾಡಿ ಗೊತ್ತಿಲ್ಲದ, ಹೊಟ್ಟೆ ಸರಿಯಿಲ್ಲದ ಆ ಬೆಕ್ಕಿನ ಗತಿಯೇನು?

ಈ ಶಿಕ್ಷೆಗೆ ಗುರಿಯಾಗುವ ಅನೇಕ ಬೆಕ್ಕುಗಳ ತಪ್ಪು ಇಷ್ಟೇ: ನಾವು ಕೊಟ್ಟದ್ದನ್ನು ಅವು ತಿಂದಿರುತ್ತವೆ.

ಬೆಕ್ಕೊಂದನ್ನು ಕೂಡಿಹಾಕಿ ಸಾಯಿಸಿದ ಮಹಿಳೆಯ ಕುರಿತ ಹದೀಸ್ ನಿಮಗೆಲ್ಲ ಗೊತ್ತು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದು ಇದೆ. ಅದನ್ನು ಹೇಳುವಾಗ ನಾವು ಸಾಮಾನ್ಯವಾಗಿ ಹಸಿವಿನ ಬಗ್ಗೆ ಮಾತ್ರ ಹೇಳುತ್ತೇವೆ. ಆದರೆ ಅದರಲ್ಲಿ ಇನ್ನೊಂದು ಅಂಶವೂ ಇದೆ. ಆಕೆ ತಾನೂ ಉಣಿಸಲಿಲ್ಲ, ಬೆಕ್ಕು ತಾನಾಗಿ ಹುಡುಕಿ ತಿನ್ನಲು ಬಿಡಲೂ ಇಲ್ಲ. ಹೊರಗೆ ತಿರುಗುವ ಬೆಕ್ಕಿಗೆ ತನಗೆ ಒಗ್ಗದ್ದನ್ನು ಬಿಟ್ಟು ಬೇರೇನಾದರೂ ಹುಡುಕಿಕೊಳ್ಳುವ ಅವಕಾಶವಿದೆ. ಬಾಗಿಲು ಮುಚ್ಚಿ ಸಾಕಿದ ಬೆಕ್ಕಿಗೆ ಆ ಅವಕಾಶವಿಲ್ಲ. ಅದರ ಬಟ್ಟಲಿನಲ್ಲಿ ಏನಿರಬೇಕೆಂದು ತೀರ್ಮಾನಿಸುವವರು ನಾವೇ. ಆದ್ದರಿಂದ ಸರಿಯಾದ ಆಹಾರ ಯಾವುದೆಂದು ತಿಳಿದುಕೊಳ್ಳುವುದೂ ನಮ್ಮ ಹೊಣೆಯೇ.

ಅದು ಮಾಂಸಾಹಾರಿ ಪ್ರಾಣಿ

ಬೆಕ್ಕು ನಮ್ಮ ಹಾಗಲ್ಲ, ನಾಯಿಯ ಹಾಗೂ ಅಲ್ಲ. ನಾಯಿ ಅನ್ನ, ರೊಟ್ಟಿ, ಮಾಂಸ ಎಲ್ಲವನ್ನೂ ತಿಂದು ಹೊಂದಿಕೊಳ್ಳುತ್ತದೆ. ಬೆಕ್ಕಿನ ದೇಹ ಮಾಂಸವನ್ನೇ ನಂಬಿಕೊಂಡಿದೆ. ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸ ಮತ್ತು ಮೀನಿನಿಂದಲೇ ಸಿಗಬೇಕು. ಟಾರಿನ್ ಕಡಿಮೆಯಾದರೆ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆಂದು 1975ರಲ್ಲಿಯೂ, ಹೃದಯದ ಸ್ನಾಯು ದುರ್ಬಲವಾಗಿ ಹಿಗ್ಗುತ್ತದೆಂದು 1987ರಲ್ಲಿಯೂ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಅದರ ನಂತರವೇ ಬೆಕ್ಕಿನ ಆಹಾರ ತಯಾರಿಸುವ ಕಂಪೆನಿಗಳು ಟಾರಿನ್ ಪ್ರಮಾಣವನ್ನು ಹೆಚ್ಚಿಸಿದವು. ಇನ್ನು, ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು. ಆ ರುಚಿಯನ್ನು ಗುರುತಿಸುವ ಜೀನ್ ಅದರಲ್ಲಿ ಕೆಲಸ ಮಾಡುವುದಿಲ್ಲವೆಂದು 2005ರಲ್ಲಿ ತಿಳಿದುಬಂತು. ಅದು ಐಸ್‌ಕ್ರೀಮ್ ನೆಕ್ಕುವುದು ಸಕ್ಕರೆಗಾಗಿ ಅಲ್ಲ, ಕೊಬ್ಬಿನ ಆಸೆಗೆ.

ನಮ್ಮ ಮನೆಗಳಲ್ಲಿ ಬೆಕ್ಕಿಗೆ ಏನು ಸಿಗುತ್ತದೆ? ಬೆಳಗ್ಗೆ ಹಾಲು, ಮಧ್ಯಾಹ್ನ ಮೀನು ಸಾರು ಕಲಸಿದ ಅನ್ನ, ರಾತ್ರಿ ಉಳಿದ ಪಲ್ಯವೋ ಬಿರಿಯಾನಿಯೋ. ಒಂದೊಂದಾಗಿ ನೋಡೋಣ.

ಹಾಲು: ತಾಯಿಯ ಹಾಲು ಬಿಟ್ಟ ಬಳಿಕ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಶಕ್ತಿ ಹೆಚ್ಚಿನ ಬೆಕ್ಕುಗಳಲ್ಲಿ ಕುಗ್ಗುತ್ತದೆ. ಅರಗದ ಹಾಲು ಕರುಳಿನಲ್ಲಿ ಹುಳಿತು ಬೇಧಿಯಾಗುತ್ತದೆ. ಬೆಕ್ಕು ಹಾಲನ್ನು ಆಸೆಯಿಂದ ಕುಡಿಯುತ್ತದೆ ನಿಜ. ಆಸೆಯಿಂದ ಕುಡಿದದ್ದೆಲ್ಲ ಒಗ್ಗುತ್ತದೆಯೇ? ಹೊಟ್ಟೆ ಸೂಕ್ಷ್ಮವಾದ ಬೆಕ್ಕಿಗೆ ಮೊದಲು ನಿಲ್ಲಿಸಬೇಕಾದದ್ದು ಹಾಲು. ಅದಕ್ಕೆ ಶುದ್ಧ ನೀರು ಸಾಕು.

ಸಾರು, ಮಸಾಲೆ: ನೀರುಳ್ಳಿ ಮತ್ತು ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಹಸಿಯಾಗಿರಲಿ, ಬೆಂದಿರಲಿ, ಪುಡಿಯಾಗಿರಲಿ, ಅವು ರಕ್ತದ ಕೆಂಪುಕಣಗಳನ್ನು ಒಡೆದು ರಕ್ತಹೀನತೆ ಉಂಟುಮಾಡುತ್ತವೆ. ಇವೆರಡೂ ಇಲ್ಲದ ಸಾರು ನಮ್ಮ ಅಡುಗೆ ಕೋಣೆಯಲ್ಲಿ ಉಂಟೇ? ಜೊತೆಗೆ ಖಾರ, ಉಪ್ಪು, ಎಣ್ಣೆ ಬೇರೆ. ಸಾರಿನೊಳಗಿನ ಮೀನನ್ನು ತೊಳೆದು ಕೊಟ್ಟರೂ ಮಸಾಲೆ ಪೂರ್ತಿ ಹೋಗುವುದಿಲ್ಲ.

ಮೀನು: ಕರಾವಳಿಯ ಬೆಕ್ಕುಗಳು ಬೂತಾಯಿ, ಬಂಗುಡೆಯಲ್ಲೇ ಬೆಳೆಯುತ್ತವೆ. ಆಗಾಗ ಬೇಯಿಸಿದ ಮೀನು ಕೊಟ್ಟರೆ ತೊಂದರೆಯಿಲ್ಲ. ಆದರೆ ದಿನವೂ ಅದೊಂದೇ ಆದರೆ ತೊಂದರೆ. ಕೆಲವು ಜಾತಿಯ ಹಸಿ ಮೀನುಗಳಲ್ಲಿ ವಿಟಮಿನ್ ಬಿ1 ಅನ್ನು ನಾಶಮಾಡುವ ಅಂಶವಿದೆ, ಬೇಯಿಸಿದರೆ ಅದು ಹೋಗುತ್ತದೆ. ಎಣ್ಣೆಯಂಶದ ಮೀನನ್ನೇ ಸತತವಾಗಿ ತಿಂದರೆ ವಿಟಮಿನ್ ಇ ಕೊರತೆಯಾಗಿ ದೇಹದ ಕೊಬ್ಬು ಊದಿಕೊಂಡು ನೋಯುತ್ತದೆ. ಇನ್ನೊಂದು ವಿಷಯ ಹಲವರಿಗೆ ಅಚ್ಚರಿ ತರಬಹುದು: ಬೆಕ್ಕುಗಳಲ್ಲಿ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವ ಆಹಾರಗಳು ದನದ ಮಾಂಸ, ಮೀನು ಮತ್ತು ಕೋಳಿ.

ಹಬ್ಬದ ದಿನಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಬಕ್ರೀದ್‌ನಂದು ಮಾಂಸದಿಂದ ತೆಗೆದ ಕೊಬ್ಬಿನ ಮುದ್ದೆಗಳು ಬೆಕ್ಕಿನ ಪಾಲಾಗುತ್ತವೆ, ಮರುದಿನ ಬೇಧಿ ಆರಂಭವಾಗುತ್ತದೆ. ಲಿವರ್ ಕೂಡ ಅಪರೂಪಕ್ಕೆ ಒಂದು ಚೂರು ಸಾಕು. ದಿನವೂ ಕೊಟ್ಟರೆ ವಿಟಮಿನ್ ಎ ವಿಪರೀತವಾಗಿ ಕತ್ತಿನ ಎಲುಬುಗಳು ಬೆಸೆದುಕೊಳ್ಳುತ್ತವೆ. ಬೇಯಿಸಿದ ಎಲುಬು ಚೂಪಾಗಿ ಒಡೆದು ಕರುಳನ್ನು ಚುಚ್ಚಬಹುದು. ರಂಝಾನ್‌ನಲ್ಲಿ ನಮ್ಮ ಊಟದ ಹೊತ್ತು ಬದಲಾಗುತ್ತದೆ, ಬೆಕ್ಕಿನದ್ದು ಬದಲಾಗಬೇಕಾಗಿಲ್ಲ. ಇಫ್ತಾರ್‌ನ ಸಮೋಸದ ಚೂರೂ ಅದಕ್ಕೆ ಬೇಡ.

ಎಲ್ಲದಕ್ಕೂ ಆಹಾರವೇ ಕಾರಣವಲ್ಲ

ಆಹಾರ ಬದಲಿಸುವ ಮೊದಲು ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಿ. ಜಂತುಹುಳಗಳಿದ್ದರೂ ವಾಂತಿ, ಬೇಧಿ ಆಗುತ್ತದೆ. ವೈದ್ಯರನ್ನು ಕೇಳಿ, ಬೆಕ್ಕನ್ನು ತೂಗಿ ಹುಳದ ಔಷಧಿ ಕೊಡಬೇಕು. ಮೈ ನೆಕ್ಕುವಾಗ ನುಂಗಿದ ಕೂದಲು ಉಂಡೆಯಾಗಿ ಹೊರಬರುವುದುಂಟು. ಪರ್ಶಿಯನ್ ಜಾತಿಯ ಉದ್ದ ಕೂದಲಿನ ಬೆಕ್ಕುಗಳಲ್ಲಿ ಇದು ಹೆಚ್ಚು, ಅವುಗಳ ಕೂದಲನ್ನು ದಿನವೂ ಬಾಚಬೇಕು. ಎರಡು ಮೂರು ಬೆಕ್ಕುಗಳು ಒಂದೇ ಬಟ್ಟಲಿನಲ್ಲಿ ತಿಂದರೆ ಪೈಪೋಟಿಯಿಂದ ಗಬಗಬನೆ ನುಂಗಿ ಹಾಗೆಯೇ ವಾಂತಿ ಮಾಡುತ್ತವೆ. ಬಟ್ಟಲುಗಳನ್ನು ದೂರ ದೂರ ಇಟ್ಟರೆ ಸಾಕು, ಎಷ್ಟೋ ಸಲ ರೋಗವೇ ಇರುವುದಿಲ್ಲ.

ಇನ್ನು ಕೆಲವು ಲಕ್ಷಣಗಳಿಗೆ ಮನೆಮದ್ದು ಬೇಡ. ಮಲದಲ್ಲಿ ಅಥವಾ ವಾಂತಿಯಲ್ಲಿ ರಕ್ತ, ಬಿಡದೆ ವಾಂತಿ, ತೂಕ ಇಳಿಯುವುದು, ಒಂದು ದಿನ ಪೂರ್ತಿ ಏನೂ ತಿನ್ನದಿರುವುದು, ಮರಿಗಳಲ್ಲಿ ವಾಂತಿಯ ಜೊತೆ ಸುಸ್ತು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಪಶುವೈದ್ಯರ ಬಳಿಗೆ ಒಯ್ಯಿರಿ. ಗಂಡು ಬೆಕ್ಕು ಮತ್ತೆ ಮತ್ತೆ ಕುಳಿತು ಮುಕ್ಕುವುದನ್ನು ನೋಡಿ ಮಲಬದ್ಧತೆಯೆಂದು ತಿಳಿಯುವವರಿದ್ದಾರೆ. ಅದು ಮೂತ್ರ ಕಟ್ಟಿದ್ದಾಗಿರಬಹುದು, ಆಗ ಒಂದು ದಿನ ತಡವಾದರೂ ಜೀವಕ್ಕೆ ಅಪಾಯ. ಮನೆಯಲ್ಲಿ ಹೊಲಿಗೆ ಕೆಲಸವಿದ್ದರೆ ನೂಲಿನ ಬಗ್ಗೆ ಜಾಗ್ರತೆ ಇರಲಿ. ಬೆಕ್ಕು ನುಂಗಿದ ನೂಲಿನ ತುದಿ ಬಾಯಿಯಲ್ಲೋ ಹಿಂಬದಿಯಲ್ಲೋ ಕಂಡರೆ ಎಳೆಯಬೇಡಿ, ಕರುಳು ಕತ್ತರಿಸಿಹೋಗಬಹುದು.

ಎರಡು ಮಾತು ಮನೆಯ ಎಲ್ಲರಿಗೂ ಗೊತ್ತಿರಲಿ. ಒಂದು, ಹೊಟ್ಟೆ ಸರಿಯಾಗಲೆಂದು ಬೆಕ್ಕನ್ನು ಉಪವಾಸ ಕೆಡವಬೇಡಿ. ಎರಡು ಮೂರು ದಿನ ತಿನ್ನದಿದ್ದರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು, ದಪ್ಪ ಬೆಕ್ಕಿಗೆ ಈ ಅಪಾಯ ಇನ್ನೂ ಹೆಚ್ಚು. ಇನ್ನೊಂದು, ನಮ್ಮ ಮಾತ್ರೆಗಳನ್ನು ಕೊಡಬೇಡಿ. ಜ್ವರಕ್ಕೆಂದು ನಾವು ನುಂಗುವ ಪ್ಯಾರಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲುದು.

ಆಯ್ಕೆ ಹೇಗೆ?

ಅಂಗಡಿಯಲ್ಲಿ ಪ್ಯಾಕೆಟ್‌ನ ಮುಂಬದಿಯ ಚಿತ್ರ ನೋಡಿ ಕೊಳ್ಳಬೇಡಿ, ಹಿಂಬದಿ ಓದಿ. ಘಟಕಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯುವುದು ವಾಡಿಕೆ. ಮೊದಲಲ್ಲೇ ಕೋಳಿ, ಮೀನು ಎಂದು ಮಾಂಸದ ಹೆಸರು ಸ್ಪಷ್ಟವಾಗಿದ್ದರೆ ಒಳ್ಳೆಯದು. ಬರೀ ಫ್ಲೇವರ್ ಎಂದಿದ್ದರೆ ಅದು ಪರಿಮಳ ಮಾತ್ರ ಆಗಿರಬಹುದು. ಕಂಪ್ಲೀಟ್ ಎಂದರೆ ಸಂಪೂರ್ಣ ಆಹಾರ. ಕಾಂಪ್ಲಿಮೆಂಟರಿ ಅಥವಾ ಟ್ರೀಟ್ ಎಂದರೆ ಮೇಲೋಗರ, ಅದನ್ನು ದಿನದ ಊಟವಾಗಿ ಕೊಡುವಂತಿಲ್ಲ. ಚೀಲ ಬಿಚ್ಚಿಟ್ಟು ತೂಕದಲ್ಲಿ ಮಾರುವ ಒಣ ಆಹಾರದಲ್ಲಿ ಪಟ್ಟಿಯೂ ಇರುವುದಿಲ್ಲ, ದಿನಾಂಕವೂ ಇರುವುದಿಲ್ಲ. ಸೂಕ್ಷ್ಮ ಹೊಟ್ಟೆಗೆ ಅದು ತಕ್ಕದ್ದಲ್ಲ. ಎಲ್ಲಕ್ಕಿಂತ ದುಬಾರಿಯಾದದ್ದೇ ಬೇಕೆಂದೂ ಇಲ್ಲ.

ಸೂಕ್ಷ್ಮ ಹೊಟ್ಟೆಗೆ ಆಹಾರ ಸರಳವಾಗಿದ್ದಷ್ಟೂ ಒಳ್ಳೆಯದು. ಹತ್ತು ಬಗೆಯ ಮಾಂಸ ಬೆರೆಸಿದ್ದಕ್ಕಿಂತ ಒಂದೇ ಮಾಂಸದ್ದನ್ನು ಆರಿಸಿ, ಅದೂ ಬೆಕ್ಕು ಇದುವರೆಗೆ ಹೆಚ್ಚು ತಿನ್ನದ ಮಾಂಸವಾಗಿದ್ದರೆ ಮೇಲು. ಮೀನಿನಲ್ಲಿ ಬೆಳೆದ ಬೆಕ್ಕಿಗೆ ಕೋಳಿಯದ್ದು, ಕೋಳಿಯಲ್ಲಿ ಬೆಳೆದದ್ದಕ್ಕೆ ಬೇರೊಂದು. ಆಹಾರ ಒಗ್ಗಿತೇ ಇಲ್ಲವೇ ಎಂಬುದು ಹೊಟ್ಟೆಯ ತೊಂದರೆಯಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದೊಳಗೆ ಗೊತ್ತಾಗುತ್ತದೆ. ಚರ್ಮದ ತುರಿಕೆಯೂ ಇದ್ದರೆ ಎಂಟು ವಾರ ಕಾಯಬೇಕು. ಆ ದಿನಗಳಲ್ಲಿ ಬೇರೆ ಒಂದು ಚೂರೂ ಕೊಡಬಾರದು. ಇಷ್ಟಕ್ಕೂ ಸರಿಯಾಗದಿದ್ದರೆ ಪ್ರೋಟೀನನ್ನು ಸೂಕ್ಷ್ಮವಾಗಿ ಒಡೆದು ತಯಾರಿಸಿದ ವಿಶೇಷ ಆಹಾರವಿದೆ. ಅದನ್ನು ವೈದ್ಯರ ಸಲಹೆಯಂತೆ ಕೊಡಬೇಕು.

ಒದ್ದೆ ಆಹಾರದಲ್ಲಿ ಸುಮಾರು ಮುಕ್ಕಾಲು ಭಾಗ ನೀರು, ಒಣ ಆಹಾರದಲ್ಲಿ ಹತ್ತನೇ ಒಂದು ಭಾಗದಷ್ಟು ಮಾತ್ರ. ಬೆಕ್ಕಿನ ಪೂರ್ವಜರು ಒಣ ಪ್ರದೇಶದವರು, ಬಾಯಾರಿಕೆ ಅದಕ್ಕೆ ಕಡಿಮೆ. ಆದ್ದರಿಂದ ಒಣ ಆಹಾರ ತಿನ್ನುವ ಬೆಕ್ಕಿನ ಮುಂದೆ ಸದಾ ನೀರಿರಲಿ. ಒದ್ದೆ ಆಹಾರವನ್ನು ನಮ್ಮ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.

ಹೊಸ ಆಹಾರವನ್ನು ಒಮ್ಮೆಲೇ ಕೊಡಬೇಡಿ. ಒಳ್ಳೆಯ ಆಹಾರವೂ ಹಠಾತ್ತನೆ ಬಂದರೆ ಹೊಟ್ಟೆ ಕೆಡಿಸುತ್ತದೆ. ಮೊದಲ ಎರಡು ಮೂರು ದಿನ ಮುಕ್ಕಾಲು ಹಳೆಯದು, ಕಾಲು ಹೊಸದು. ಮುಂದಿನ ಎರಡು ಮೂರು ದಿನ ಅರ್ಧ ಅರ್ಧ. ಮತ್ತೆ ಕಾಲು ಹಳೆಯದು, ಮುಕ್ಕಾಲು ಹೊಸದು. ಹೀಗೆ 7ರಿಂದ 10 ದಿನದಲ್ಲಿ ಪೂರ್ತಿ ಬದಲಿಸಿ. ಸುಮಾರು 4 ಕೆ.ಜಿ. ತೂಗುವ ಬೆಕ್ಕಿಗೆ ದಿನಕ್ಕೆ 50ರಿಂದ 65 ಗ್ರಾಂ ಒಣ ಆಹಾರ ಸಾಕಾಗುತ್ತದೆ. ಅದನ್ನು ಮೂರು ನಾಲ್ಕು ಹೊತ್ತಿಗೆ ಹಂಚಿ ಕೊಡಿ. ಬೆಕ್ಕಿನ ಹೊಟ್ಟೆ ಚಿಕ್ಕದು, ಅದು ಹುಟ್ಟಿನಿಂದಲೇ ಸ್ವಲ್ಪ ಸ್ವಲ್ಪ ತಿನ್ನುವ ಪ್ರಾಣಿ.

ಪ್ಯಾಕೆಟ್ ಆಹಾರ ಎಲ್ಲರ ಕೈಗೆಟಕುವುದಿಲ್ಲ ಎಂಬುದು ನಿಜ. ಹೊಟ್ಟೆ ಕೆಟ್ಟ ಎರಡು ಮೂರು ದಿನಗಳಿಗೆ ಉಪ್ಪು, ಅರಸಿನ, ಎಣ್ಣೆ ಯಾವುದನ್ನೂ ಹಾಕದೆ ನೀರಿನಲ್ಲಿ ಬೇಯಿಸಿ, ಚರ್ಮ ಮತ್ತು ಎಲುಬು ತೆಗೆದ ಕೋಳಿಮಾಂಸ ಉತ್ತಮ. ಆದರೆ ತಿಂಗಳುಗಟ್ಟಲೆ ಅದೊಂದನ್ನೇ ಕೊಟ್ಟರೆ ಕ್ಯಾಲ್ಸಿಯಂ ಕೊರತೆಯಾಗುತ್ತದೆ. ಮನೆಯಲ್ಲೇ ಬೇಯಿಸಿ ಸಾಕಬೇಕೆಂದಿದ್ದರೆ ಅದಕ್ಕೆ ಏನೇನು ಸೇರಿಸಬೇಕೆಂದು ಪಶುವೈದ್ಯರಲ್ಲಿ ಬರೆಸಿಕೊಳ್ಳಿ. ತಾಲೂಕಿನ ಸರಕಾರಿ ಪಶು ಆಸ್ಪತ್ರೆ ಹಸು, ಆಡುಗಳಿಗೆ ಮಾತ್ರ ಇರುವುದಲ್ಲ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳೂ ಇವೆ.

ಕೊನೆಯದಾಗಿ, ಈ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ತಾಯಿ ಅಳೆದು ಕೊಟ್ಟ ಮೇಲೆ ಅಜ್ಜಿ ಹಾಲು ಹೊಯ್ದರೆ, ಮಗ ಬಿಸ್ಕತ್ತು ಎಸೆದರೆ ಯಾವ ಆಹಾರವೂ ಪ್ರಯೋಜನಕ್ಕೆ ಬಾರದು. ಉಣಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿ. ಮಕ್ಕಳಿಗೆ ಒಂದು ಹಳೆಯ ನೋಟ್‌ಬುಕ್ ಕೊಟ್ಟು, ಇಂದು ಏನು ತಿಂದಿತು, ವಾಂತಿ ಮಾಡಿತೇ, ಮಲ ಗಟ್ಟಿಯಿತ್ತೇ ಎಂದು ಬರೆಯಲು ಹೇಳಿ. ವೈದ್ಯರಿಗೆ ಆ ಪುಟಗಳು ನಿಮ್ಮ ನೆನಪಿಗಿಂತ ಹೆಚ್ಚು ನೆರವಾಗುತ್ತವೆ. ಮಾತು ಬಾರದ ಜೀವಿಯ ಕಷ್ಟವನ್ನು ಗಮನಿಸಿ ತಿಳಿದುಕೊಳ್ಳಲು ಕಲಿತ ಮಗು ನಾಳೆ ಹಾಸಿಗೆ ಹಿಡಿದ ಹಿರಿಯರನ್ನೂ ಹಾಗೆಯೇ ಗಮನಿಸೀತು.

ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಬೆಕ್ಕೊಂದನ್ನು ದೂರ ಬಿಟ್ಟು ಬರುವ ಮಾತು ನಡೆಯುತ್ತಿದೆಯೇ? ಒಂದು ತಿಂಗಳು ಕಾಯಲು ಹೇಳಿ. ಹಾಲು ನಿಲ್ಲಲಿ, ಸಾರು ನಿಲ್ಲಲಿ, ಹುಳದ ಔಷಧಿ ಆಗಲಿ, ಬಟ್ಟಲಿಗೆ ಸರಿಯಾದ ಆಹಾರ ಬರಲಿ. ಗೋಣಿಚೀಲದ ಅಗತ್ಯವೇ ಬೀಳದಿರಬಹುದು.