ಗುಬ್ಬಿಗೆ 19 ಬೈಟು

ಗುಬ್ಬಿ ಎಂಬ ಊರಿನ ಹೆಸರನ್ನು ಗಣಕಯಂತ್ರದಲ್ಲಿ ಬರೆದಿಡಲು ಎಷ್ಟು ಸ್ಥಳ ಬೇಕು? ಕಣ್ಣಿಗೆ ಕಾಣುವ ಅಕ್ಷರಗಳು ಎರಡೇ ಆದುದರಿಂದ 2 ಬೈಟೆಂದು ನಮ್ಮ ಬಿ.ಎಸ್‌ಸಿ. ವಿದ್ಯಾರ್ಥಿಗಳಲ್ಲಿ ಹಲವರು ಹೇಳುವರು. ವಾಸ್ತವವಾಗಿ ಗ, ಉಕಾರ, ಬ, ಹಲಂತದ ಗುರುತು, ಮತ್ತೆ ಬ, ಇಕಾರ ಎಂದು ಅಲ್ಲಿ 6 ಸಂಕೇತಗಳುಂಟು. ಈಗ ರೂಢಿಯಲ್ಲಿರುವ ಯು.ಟಿ.ಎಫ್.-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು, ಒಟ್ಟು 18. ‘ಸಿ’ ಭಾಷೆಯಲ್ಲಾದರೋ ಪದ ಮುಗಿಯಿತೆಂದು ತಿಳಿಸುವ ಸೊನ್ನೆಯೊಂದು ಸೇರಿ 19. ತುಮಕೂರಿಗೂ ಕುಣಿಗಲ್ಲಿಗೂ ತಲಾ 22 ಆಗುವುದನ್ನು ವಾಚಕರು ತಾವೇ ಎಣಿಸಿ ನೋಡಬಹುದು.

ವಿದ್ಯಾರ್ಥಿದೆಸೆಯಲ್ಲಿ ಕಲಿತು, ಆಮೇಲೆ ಪೈಥಾನಿನ ಸೌಕರ್ಯದಲ್ಲಿ ಮರೆತೇಬಿಟ್ಟಿದ್ದ ‘ಸಿ’ ಭಾಷೆಯನ್ನು ನಾವು ಈಚೆಗೆ ಮರಳಿ ಕಲಿತುದು ಇಂತಹ ಅಲ್ಪ ಲೆಕ್ಕಗಳಿಂದಲೇ. ಡೆನಿಸ್ ರಿಚಿಯವರು 1972ರ ಸುಮಾರಿಗೆ ಬೆಲ್ ಪ್ರಯೋಗಶಾಲೆಯಲ್ಲಿ ರೂಪಿಸಿದ ಈ ಭಾಷೆಯಲ್ಲಿ, ಸ್ಮರಣಕೋಶದ ಸ್ಥಳವನ್ನು ‘ಮ್ಯಾಲಕ್’ ಎಂದು ಕೇಳಿ ಪಡೆಯಬೇಕು. ಕೆಲಸವಾದ ಮೇಲೆ ‘ಫ್ರೀ’ ಎಂದು ಹಿಂದಿರುಗಿಸಬೇಕು. ಎರಡೂ ಬರೆಯುವವನ ಹೊಣೆ. ತುಮಕೂರಿನಲ್ಲಿ ತಿಪಟೂರಿನ ಬಸ್ಸಿಗೆ ಕಿಟಕಿಯಿಂದ ಟವಲು ಹಾಕಿ ಸೀಟು ಹಿಡಿಯುವವರನ್ನು ಯಾರು ಅರಿಯರು? ಹಿಡಿದವನು ಗುಬ್ಬಿಯಲ್ಲಿ ಇಳಿಯುವಾಗ ಟವಲನ್ನು ಅಲ್ಲಿಯೇ ಬಿಟ್ಟನೆಂದರೆ ತಿಪಟೂರಿನವರೆಗೂ ಆ ಸೀಟು ಯಾರಿಗೂ ಒದಗದು. ಇದು ಒಂದು ದೋಷ. ಸೀಟನ್ನು ಬಿಟ್ಟುಕೊಟ್ಟ ಮೇಲೂ ತನ್ನದೇ ಎಂದು ಹೋಗಿ ಇನ್ನೊಬ್ಬರ ತೊಡೆಯ ಮೇಲೆ ಕುಳಿತುಕೊಳ್ಳುವುದು ಮತ್ತೊಂದು. ಇದು ಹೆಚ್ಚು ಅಪಾಯಕರ.

ಆ ಸೊನ್ನೆಯನ್ನು ಮರೆತು ಗುಬ್ಬಿಗೆ 18 ಬೈಟನ್ನೇ ಕೇಳಿದೆವೆನ್ನೋಣ. ಆಗಲೂ ಪರದೆಯ ಮೇಲೆ ‘ಗುಬ್ಬಿ’ ಎಂದೇ ಮೂಡುವುದು! ಕೇಳಿದುದಕ್ಕಿಂತ ತುಸು ಹೆಚ್ಚಾಗಿ ಕೊಸರು ಹಾಕಿ ಕೊಡುವುದು ಯಂತ್ರದ ವಾಡಿಕೆ; ನಮ್ಮ ತಪ್ಪು ಆ ಕೊಸರಿನಲ್ಲಿ ಅಡಗಿಕೊಳ್ಳುವುದು. ಕೊಸರಿಲ್ಲದ ದಿನ ಪಕ್ಕದವರ ಸ್ವತ್ತು ಕೆಡುವುದು. ಮೂರು ಊರುಗಳನ್ನು ಒಂದು ಸರಪಣಿಯಾಗಿ ಕಟ್ಟಿ ಬಿಚ್ಚುವ ಸಮಸ್ಯೆ ಇನ್ನೂ ಸ್ವಾರಸ್ಯವಾದುದು. ಪ್ರತಿಯೊಂದು ಕೊಂಡಿಯಲ್ಲಿಯೂ ಊರಿನ ಹೆಸರಿರುವ ವಿಳಾಸ, ಮುಂದಿನ ಕೊಂಡಿಯ ವಿಳಾಸ ಎಂದು ಎರಡು ಚೀಟಿಗಳು. ಅವುಗಳನ್ನು ಓದಿಕೊಳ್ಳದೆ ಕೊಂಡಿಯನ್ನು ಹಿಂದಿರುಗಿಸಿದರೆ, ಹೆಸರನ್ನು ಹುಡುಕಲು ನ್ಯಾಯವಾದ ದಾರಿಯೇ ಉಳಿಯದು. ನಾವು ಮೊದಲ ಸಲ ಬರೆದಾಗ ಕೊಂಡಿಗಳೆಲ್ಲ ಹಿಂದಿರುಗಿದವು, ಹೆಸರುಗಳ 63 ಬೈಟು ಹಾಗೆಯೇ ಉಳಿದವು. ಅದನ್ನು ತೋರಿಸಿಕೊಟ್ಟುದು 2002ರಿಂದ ಬಳಕೆಗೆ ಬಂದಿರುವ ‘ವ್ಯಾಲ್‌ಗ್ರಿಂಡ್’ ಎಂಬ ಉಚಿತ ಪರೀಕ್ಷಕ ಸಾಧನ. ಕಾರಣ ತಿಳಿದುದು ಮಾತ್ರ ಕಾಗದದ ಮೇಲೆ ಚೌಕಗಳನ್ನೂ ಬಾಣಗಳನ್ನೂ ಬರೆದುಕೊಂಡಾಗ.

ಇಲ್ಲಿ ಒಂದು ತಪ್ಪೊಪ್ಪಿಗೆ ಉಚಿತ. ಇಂತಹ ಕ್ರಮಲೇಖಗಳಿಗೆ ನಾವೇ ಎಷ್ಟೋ ಸಲ ಪೂರ್ಣ ಅಂಕಗಳನ್ನು ಕೊಟ್ಟಿದ್ದೇವೆ. ಪರದೆಯ ಮೇಲೆ ಉತ್ತರ ಸರಿಯಾಗಿ ಬಂದಿತೆ, ಪ್ರಯೋಗ ಮುಗಿಯಿತು! ವರ್ನಿಯರ್ ಕ್ಯಾಲಿಪರ್ಸಿನ ಶೂನ್ಯದೋಷವನ್ನು ನೋಡದೆ ಅಳತೆ ಬರೆದ ವಿದ್ಯಾರ್ಥಿಯ ಪುಸ್ತಕಕ್ಕೆ ರುಜು ಹಾಕಲೊಪ್ಪದ ಭೌತಶಾಸ್ತ್ರದ ಅಧ್ಯಾಪಕರು, ಗಣಕದ ಮುಂದೆ ಕುಳಿತೊಡನೆ ಇಷ್ಟು ಉದಾರಿಗಳಾಗುವುದೇಕೆ?

ಸ್ಮರಣಕೋಶ ಈಗ ಅಗ್ಗವಷ್ಟೆ, ಭಾಷೆಗಳೇ ಅದನ್ನು ನೋಡಿಕೊಳ್ಳುವುವಷ್ಟೆ ಎಂಬ ಆಕ್ಷೇಪಣೆ ಉಂಟು. ಅದರಲ್ಲಿ ಹುರುಳಿಲ್ಲದಿಲ್ಲ. ಉಪಯೋಗ ತೀರಿದ ಸ್ಥಳವನ್ನು ಯಂತ್ರವೇ ಗುಡಿಸಿಕೊಳ್ಳುವ ಉಪಾಯವನ್ನು ಜಾನ್ ಮೆಕಾರ್ಥಿಯವರು ಲಿಸ್ಪ್ ಭಾಷೆಗಾಗಿ 1960ಕ್ಕೆ ಮೊದಲೇ ಯೋಚಿಸಿದ್ದರು. ಸಿ ಭಾಷೆಯಿಂದ ಇಂತಹ ದೋಷಗಳಿಗೆ ಎಡೆಗೊಡದ ಭಾಷೆಗಳ ಕಡೆಗೆ ಹೊರಳುವುದು ಲೇಸೆಂದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು 2022ರಲ್ಲಿ ಸಲಹೆ ಮಾಡಿತು. ಬ್ಯಾಂಕಿನ ವ್ಯವಹಾರವನ್ನು ನಮ್ಮ ವಿದ್ಯಾರ್ಥಿಗಳು ‘ಸಿ’ಯಲ್ಲಿ ಬರೆಯಲೆಂದು ನಾವೂ ಹೇಳುತ್ತಿಲ್ಲ. ಆದರೆ ಗುಡಿಸುವ ಯಂತ್ರಕ್ಕೂ ಮಿತಿಯುಂಟು. ಲೋಹದ ತಗಡಿನಲ್ಲಿ ಉಷ್ಣ ಹರಡುವುದನ್ನು 1000 × 1000 ಚೌಕಗಳಲ್ಲಿ ಲೆಕ್ಕ ಹಾಕಿದರೆ, ಚೌಕಕ್ಕೆ 8 ಬೈಟಿನಂತೆ ಒಂದು ಚಿತ್ರಕ್ಕೆ 80 ಲಕ್ಷ ಬೈಟು. ಹೆಜ್ಜೆಹೆಜ್ಜೆಯ ಚಿತ್ರವನ್ನೂ ಪಟ್ಟಿಯೊಂದಕ್ಕೆ ಸೇರಿಸುತ್ತ ಹೋದರೆ 1000 ಹೆಜ್ಜೆಗೆ 800 ಕೋಟಿ! ಚಿತ್ರದ ವಿಳಾಸವನ್ನು ಪಟ್ಟಿ ಹಿಡಿದಿರುವವರೆಗೆ ಪೈಥಾನೂ ಅದನ್ನು ತೆರವು ಮಾಡದು. 8 ಗಿಗಾಬೈಟಿನ ಗಣಕ ಉಸಿರುಕಟ್ಟಿ ನಿಂತಾಗ, ಚೌಕ ಬಾಣಗಳನ್ನು ಒಮ್ಮೆಯೂ ಬರೆಯದ ವಿದ್ಯಾರ್ಥಿಯು ಹೊಸ ಗಣಕ ಬೇಕೆನ್ನುವನು.

ಇದಕ್ಕಾಗಿ ಹೊಸದೊಂದು ಪಠ್ಯವಿಷಯ ಬೇಕಿಲ್ಲ. ವಾರಕ್ಕೊಂದು ಗಂಟೆ, ಹತ್ತು ಹನ್ನೆರಡು ಚಿಕ್ಕ ಸಮಸ್ಯೆಗಳು, ಪೆನ್ಸಿಲು, ಕಾಗದ ಇಷ್ಟಿದ್ದರೆ ಸಾಕು. ಪ್ರಯೋಗದ ಪುಸ್ತಕದಲ್ಲಿ ಉತ್ತರದ ಕೆಳಗೆ ಇನ್ನೆರಡು ಸಾಲುಗಳನ್ನು ಬರೆಯಿಸೋಣ: ಪಡೆದುದು ಇಷ್ಟು, ಹಿಂದಿರುಗಿಸಿದುದು ಇಷ್ಟು. ಮೂರು ಊರುಗಳ ಸರಪಣಿಗೆ ಹೆಸರುಗಳು ಮೂರು, ಕೊಂಡಿಗಳು ಮೂರು. ಪಡೆದುದು 6 ಸಲ. ಎರಡನೆಯ ಸಾಲಿನಲ್ಲಿಯೂ 6 ಬಾರದಿದ್ದರೆ ಅಧ್ಯಾಪಕರು ರುಜು ಹಾಕದಿರಲಿ.